ಮಸ್ಕತ್ತಿನ ಗಿಡ ಮತ್ತು ನನ್ನ ಕೈಗುಣ

ನನ್ನ ಕೈಗುಣದ ಬಗ್ಗೆ ಕಾಪುವಿನಲ್ಲಿ ಎರಡು ಮಾತಿರಲಿಲ್ಲ. ಅಕ್ಕಪಕ್ಕದ ಅಂಗಳಗಳಲ್ಲಿ ಮೊಗ್ಗೇ ಇಲ್ಲದ ದಿನಗಳಲ್ಲೂ ನನ್ನ ಮಲ್ಲಿಗೆ ಬುಟ್ಟಿ ತುಂಬಿಸುತ್ತಿತ್ತು. ಯಾರ ಮನೆಯ ಗಿಡ ಸೊರಗಿದರೂ ನನ್ನನ್ನು ಕರೆದು ತೋರಿಸುತ್ತಿದ್ದರು. ಅಂಥ ನನ್ನ ಮಾನ ತೆಗೆದದ್ದು ಮಸ್ಕತ್ತಿನಿಂದ ಬಂದ ಒಂದು ಗಿಡ.

ಎಂಬತ್ತರ ದಶಕದ ಆರಂಭವಿರಬೇಕು. ಮಸ್ಕತ್ತಿನಲ್ಲಿ ಕೆಲಸಕ್ಕಿದ್ದ ಮೈದುನ ರಜೆಗೆ ಬರುವಾಗ ಪೆಟ್ಟಿಗೆಯಲ್ಲಿ, ಬಟ್ಟೆಗಳ ನಡುವೆ, ಎರಡು ಗಿಡ ತಂದ. ಒಂದು ನನಗೆ, ಒಂದು ಕಾರ್ಕಳದಲ್ಲಿದ್ದ ಅವನ ಹೆಂಡತಿಗೆ. ಬುಡ ಗೆಣಸಿನ ಹಾಗೆ ಉಬ್ಬಿತ್ತು, ತುದಿಯಲ್ಲಿ ನಾಲ್ಕು ಎಲೆ. ಅಡೀನಿಯಂ ಎಂಬ ಹೆಸರು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಆಗ ನಮಗದು ಮಸ್ಕತ್ತಿನ ಗಿಡ, ಅಷ್ಟೆ.

ಮಲ್ಲಿಗೆಗೆ ಮಾಡಿದ್ದನ್ನೆಲ್ಲ ಅದಕ್ಕೂ ಮಾಡಿದೆ. ಸೆಗಣಿ ಗೊಬ್ಬರ, ನೆಲಗಡಲೆ ಹಿಂಡಿ, ಮೀನು ತೊಳೆದ ನೀರು. ಮಳೆ ಹಿಡಿದ ಎರಡನೆಯ ವಾರ ಬುಡ ಮುಟ್ಟಿ ನೋಡಿದರೆ ಬೆರಳು ಒಳಗೆ ಹೋಯಿತು. ಕೊಳೆತು ನಾರುತ್ತಿತ್ತು.

ವಾರಗಿತ್ತಿಯದು ಬದುಕಿತು. ಬದುಕಿದ್ದಲ್ಲದೆ ಮರುಬೇಸಿಗೆಯಲ್ಲಿ ಕಡು ಗುಲಾಬಿ ಬಣ್ಣದ ಹೂ ಬಿಟ್ಟಿತು. ಕಾರ್ಕಳದಿಂದ ಬಂದವರೆಲ್ಲ ಅದನ್ನೇ ಹೊಗಳುವುದು. ಬಸಳೆಗೆ ಚಪ್ಪರ ಹಾಕಲು ಬಾರದವಳು ಅವಳು, ಕಟ್ಟೆಯ ತುಳಸಿಯನ್ನೂ ಒಣಗಿಸಿದವಳು. ಸುಳ್ಳು ಯಾಕೆ ಹೇಳಲಿ, ಹೊಟ್ಟೆ ಉರಿದು ನನಗೆ ಅನ್ನ ಸೇರಲಿಲ್ಲ.

ಮುಂದಿನ ರಜೆಯಲ್ಲಿ ಮೈದುನ ನನಗೆ ಇನ್ನೊಂದು ಗಿಡ ತಂದುಕೊಟ್ಟ. ಅದೂ ಜೂನ್ ದಾಟಲಿಲ್ಲ. ಇವಳು ಏನೋ ಗುಟ್ಟು ಮುಚ್ಚಿಟ್ಟಿದ್ದಾಳೆ ಎಂದುಕೊಂಡು, ಜುಲೈಯ ಒಂದು ಬೆಳಿಗ್ಗೆ ಹೇಳದೆ ಕೇಳದೆ ಕಾರ್ಕಳದ ಬಸ್ಸು ಹತ್ತಿದೆ.

ಅವಳ ಜಗಲಿಯಲ್ಲಿ ಕುಂಡ ಖಾಲಿಯಿತ್ತು. ಅಷ್ಟು ಸಂತೋಷ ನನಗೆ ನನ್ನ ಮದುವೆಯ ದಿನವೂ ಆಗಿರಲಿಲ್ಲ.

"ಹೋಯಿತಾ ಮಾರಾಯ್ತಿ? ಬೇಸರ ಮಾಡಬೇಡ. ನಮ್ಮ ಮಳೆಗೆ ತಡೆಯುವ ಗಿಡ ಅಲ್ಲ ಅದು," ಎಂದು ಅವಳ ಬೆನ್ನು ಸವರಿದೆ.

"ಹೋಗಲಿಲ್ಲ ಅಕ್ಕ, ಒಳಗೆ ಉಂಟು," ಎಂದು ಅಡುಗೆಮನೆಗೆ ಕರೆದೊಯ್ದಳು. ಒಲೆಯ ಮೇಲೆ, ಮಾಡಿನ ಮರದ ಪಕ್ಕಾಸಿಗೆ, ಮಳೆಗಾಲಕ್ಕೆ ಕೆಡದ ಹಾಗೆ ಸೌತೆಕಾಯಿಗಳನ್ನು ಬಾಳೆನಾರಿನಲ್ಲಿ ಕಟ್ಟಿ ತೂಗಹಾಕಿದ್ದಳು. ಅವುಗಳ ಸಾಲಿನಲ್ಲೇ ಮಸ್ಕತ್ತಿನ ಗಿಡವೂ ತೂಗುತ್ತಿತ್ತು. ಎಲೆಯಿಲ್ಲ, ಮಣ್ಣಿಲ್ಲ, ಬುಡ ಮಾತ್ರ ಕಲ್ಲಿನಷ್ಟು ಗಟ್ಟಿ.

"ನನಗೆ ಗಿಡದ್ದು ಎಂತ ಗೊತ್ತುಂಟು? ಬರುವಾಗ ಮಣ್ಣಿಲ್ಲದೆ ಪೆಟ್ಟಿಗೆಯಲ್ಲೇ ಬಂತಲ್ವಾ. ಹಾಗೆ ಮಳೆಗಾಲ ಮುಗಿಯುವವರೆಗೆ ಇಲ್ಲೇ ಬೆಚ್ಚಗೆ ಇರಲಿ ಅಂತ ಕಟ್ಟಿದೆ. ನಿಮಗೆ ಗೊತ್ತಿರಬಹುದು ಅಂತ ಹೇಳಲೂ ಇಲ್ಲ."

ಮಳೆಗಾಲಕ್ಕೆ ಸೌತೆಕಾಯಿ ಕಟ್ಟುವುದನ್ನು, ಮದುವೆಯಾಗಿ ಬಂದ ಹೊಸದರಲ್ಲಿ, ಅವಳಿಗೆ ಕಲಿಸಿದವಳೇ ನಾನು. ನನ್ನ ಎರಡನೆಯದೂ ಹೋದ ಸಂಗತಿ ಹೇಳಲೇಬೇಕಾಯಿತು. ಅವಳು ಸ್ಟೂಲು ಹತ್ತಿ ನಾರು ಬಿಚ್ಚಿ, ಗಿಡವನ್ನು ಪೇಪರಿನಲ್ಲಿ ಸುತ್ತಿ ನನ್ನ ಕೈಗಿಟ್ಟಳು.

"ನೀವೇ ತೆಗೆದುಕೊಂಡು ಹೋಗಿ. ನಿಮ್ಮ ಕೈಯಲ್ಲಿ ಇನ್ನೂ ಚಂದ ಹೂ ಬಿಡುತ್ತದೆ."

ಬೇಡ ಎನ್ನಬೇಕಿತ್ತು. ಎನ್ನಲಿಲ್ಲ. ಬಸ್ಸಿನಲ್ಲಿ ಅದನ್ನು ಮಡಿಲಲ್ಲಿಟ್ಟುಕೊಂಡೇ ಕೂತೆ.

ಸೌತೆಕಾಯಿಗಳ ಜೊತೆ ತೂಗಹಾಕಿ, ಮಳೆ ನಿಂತ ಮೇಲೆ ಮರಳುಮಣ್ಣಿನಲ್ಲಿ ಇಟ್ಟೆ. ಮಾರ್ಚಿನಲ್ಲಿ ಗಿಡವಿಡೀ ಹೂ. ನೋಡಲು ನೆರೆಕರೆಯವರು ಬಂದರು. ಆ ದಿನ ವಾರಗಿತ್ತಿಯೂ ನಮ್ಮಲ್ಲಿದ್ದಳು.

"ಯಾರಿಗೂ ಬದುಕದ್ದು ನಿಮಗೆ ಬದುಕಿತಲ್ಲ. ನಿಮ್ಮ ಕೈಗುಣವೇ ಬೇರೆ," ಎಂದರು ಪಕ್ಕದ ಮನೆಯ ಹೆಂಗಸು. ನಾನು ಕುಂಡದಲ್ಲಿ ಉದುರಿದ ಹೂ ಹೆಕ್ಕತೊಡಗಿದೆ. ವಾರಗಿತ್ತಿ ಒಂದು ಮಾತು ಹೇಳಿದ್ದರೆ ಅಲ್ಲಿಗೆ ನನ್ನ ಹೆಸರು ಮುಗಿಯುತ್ತಿತ್ತು.

"ಹೌದು, ಇದೆಲ್ಲ ಅಕ್ಕನ ಕೈಯಲ್ಲೇ ಆಗುವುದು," ಎಂದಳು ಅವಳು.

ಕೊಂಕು ಇದೆಯೇ ಎಂದು ಅವಳ ಮುಖವನ್ನು ಹುಡುಕಿದೆ. ಇರಲಿಲ್ಲ. ಅವಳ ಜಗಲಿಯ ಕುಂಡ ಆಗಲೂ ಖಾಲಿಯೇ ಇತ್ತು. ಗಿಡದ ಮೇಲಿನ ನನ್ನ ಹೊಟ್ಟೆಕಿಚ್ಚು ಅಲ್ಲಿಗೆ ಮುಗಿಯಿತು. ಆದರೆ ಅವಳ ಜಾಗದಲ್ಲಿದ್ದಿದ್ದರೆ ನನ್ನ ಬಾಯಿಂದ ಆ ಮಾತು ಬರುತ್ತಿರಲಿಲ್ಲ ಎಂದು ನನಗೆ ಗೊತ್ತಿತ್ತು. ಆ ಉರಿ ಇವತ್ತಿಗೂ ಆರಿಲ್ಲ.