ಗಂಜಿ ಆರುವ ಮೊದಲು

ನನ್ನ ಬಳಿ ಬರುವವರಿಗೆ ವಿಶ್ರಾಂತಿ ತೆಗೆದುಕೊಳ್ಳಿ ಎಂದು ನಾನು ಸುಲಭಕ್ಕೆ ಹೇಳುವವನಲ್ಲ. ಬೆಳಗಾದರೆ ನಿಮ್ಮ ದಾರಿ ಕಾಯುವವರು ಯಾರು ಎಂದು ಮೊದಲು ಕೇಳುತ್ತೇನೆ. ಮನಸ್ಸಿನ ಕಾಯಿಲೆ ನೋಡಲು ಕೂತು ಇಷ್ಟು ವರ್ಷವಾಯಿತು, ಆ ಪ್ರಶ್ನೆ ಬದಲಿಸಬೇಕೆಂದು ಒಮ್ಮೆಯೂ ಅನಿಸಿಲ್ಲ. ಅದು ನನಗೆ ಸಿಕ್ಕಿದ್ದು ಪುಸ್ತಕದಲ್ಲಲ್ಲ, ಗಜೇಂದ್ರಗಡದ ನಮ್ಮ ನೇಕಾರರ ಓಣಿಯಲ್ಲಿ.

ಐವತ್ತರ ದಶಕದ ಮಾತು. ನಾನಾಗ ಧಾರವಾಡದಲ್ಲಿ ಮನಃಶಾಸ್ತ್ರ ಓದುತ್ತಿದ್ದೆ. ರಜೆಗೆ ಊರಿಗೆ ಬಂದರೆ ಅಕ್ಕ ತವರಿನಲ್ಲಿದ್ದಳು. ಅವಳ ಚೊಚ್ಚಲ ಕೂಸು ತೊಟ್ಟಿಲಲ್ಲೇ ತೀರಿಹೋಗಿತ್ತು. ಅಂದಿನಿಂದ ಅವಳು ಮಾತು ಬಿಟ್ಟಿದ್ದಳು. ನರಗುಂದದ ಗಂಡನ ಮನೆಯವರು ಹೇಳಿ ಕಳಿಸಿದ್ದರು, ಯುಗಾದಿಯೊಳಗೆ ಸರಿಹೋಗದಿದ್ದರೆ ಮಗನಿಗೆ ಬೇರೆ ಹೆಣ್ಣು ನೋಡುತ್ತೇವೆ ಎಂದು.

ನಮ್ಮವರು ಪ್ರೀತಿಯಲ್ಲಿ ಕಡಿಮೆ ಮಾಡಿರಲಿಲ್ಲ. ಬಂದ ತೊಂದರೆಯೇ ಅದು. ಮೊದಮೊದಲು ಅವಳು ಕಸಬರಿಗೆ ಹಿಡಿದರೆ ಅವ್ವ ಕಸಿದುಕೊಂಡಳಂತೆ. ನೂಲು ಸುತ್ತಲು ಕೂತರೆ ಓಣಿಯ ಹೆಂಗಸರು ಎಬ್ಬಿಸಿ ಕಟ್ಟೆಯ ಮೇಲೆ ಕೂರಿಸಿದರಂತೆ. ಈಗ ರೊಟ್ಟಿಯನ್ನೂ ಮುರಿದು ಕೈಗಿಡುತ್ತಿದ್ದರು. ನೋಡಿ ನೋಡಿ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಹಾಗಿರುವಾಗ ನಮ್ಮ ಮನೆಯ ಹಾಸಿನ ನೂಲಿಗೆ, ಅಂದರೆ ಬಟ್ಟೆಯ ಉದ್ದದ ಎಳೆಗಳಿಗೆ, ಗಂಜಿ ಹಚ್ಚುವ ದಿನ ಬಂತು. ಮಗ್ಗಕ್ಕೇರಿಸುವ ಮುನ್ನ ಆ ನೂಲನ್ನು ಬೆಳಗಿನ ತಂಪಿನಲ್ಲಿ ಓಣಿಯುದ್ದಕ್ಕೂ ಬಿಗಿದು ಗಂಜಿ ಸವರಬೇಕು. ಹರಿದ ಎಳೆಗಳನ್ನು ಗಂಜಿ ಆರುವ ಮೊದಲೇ ಕೂಡಿಸಬೇಕು. ಯಾರ ಮನೆಯದಾದರೂ ಸರಿ, ಓಣಿಗೆ ಓಣಿಯೇ ಕೈಹಚ್ಚುತ್ತದೆ. ಅಕ್ಕ ಒಬ್ಬಳೇ ಕಟ್ಟೆಯ ಮೇಲಿದ್ದಳು.

ಬಿಸಿಲೇರಿತು, ಎಳೆಗಳು ಹರಿಯತೊಡಗಿದವು. ಅಪ್ಪ ನನ್ನನ್ನು ಕರೆದ. ನಾನು ಬೇಕೆಂದೇ ಕೈಕಟ್ಟಿ ನಿಂತೆ. ನಾನು ಮಾಡುತ್ತಿರುವುದು ಸರಿ ಎಂಬುದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

“ಅಕ್ಕಾ, ನೀ ಬಾ. ನನ್ನ ಕೈಲೆ ಆಗಂಗಿಲ್ಲ. ಗಂಜಿ ಆರಾಕತ್ತೇತಿ,” ಎಂದೆ.

ಅವ್ವ ನನ್ನತ್ತ ಕಣ್ಣು ಕೆಂಪಗೆ ಮಾಡಿದಳು. ಅಕ್ಕ ಎದ್ದಳು. ಸೆರಗು ಸಿಕ್ಕಿಸಿ, ಎಳೆಗಳ ತುದಿ ಹುಡುಕಿ ಕೂಡಿಸುತ್ತಾ ಹೋದಳು. ಕೆಲಸ ಮುಗಿಯುವವರೆಗೆ ತಲೆ ಎತ್ತಲಿಲ್ಲ. ಮುಗಿದ ಮೇಲೆ ಅವ್ವನನ್ನು ನೋಡಿ ಕೇಳಿದಳು, “ಇಷ್ಟ ದಿನ ನನ್ನ ಯಾಕ ಕರೀಲಿಲ್ಲ?”

ಅವ್ವ ಗಂಜಿಯ ಪಾತ್ರೆಯನ್ನು ಅವಳ ಕೈಗೆ ಕೊಟ್ಟಳು.

ಅಂದಿನಿಂದ ದುಃಖ ಹಾರಿಹೋಯಿತು ಎಂದರೆ ಸುಳ್ಳಾಗುತ್ತದೆ. ಅಕ್ಕ ಕೂಸಿನ ಕುಲಾವಿ ಹಿಡಿದು ಅಳತೊಡಗಿದಳು. ಮನೆಯವರು ಹೆದರಿದರು, ಕೊನೆಗೂ ಅತ್ತಳಲ್ಲ ಎಂದು ನಾನು ಹಿಗ್ಗಿದೆ. ಮನುಷ್ಯ ದುಃಖ ಹೊರಬಲ್ಲ. ಯಾರಿಗೂ ಬೇಡವಾಗಿ ಕೂರುವುದನ್ನು ಮಾತ್ರ ತಾಳಲಾರ. ಇದನ್ನು ನಾನು ಇಂದಿಗೂ ಎದೆ ತಟ್ಟಿ ಹೇಳುತ್ತೇನೆ.

ಯುಗಾದಿ ಹತ್ತಿರ ಬಂದಾಗ ಭಾವ ಇಬ್ಬರು ಹಿರಿಯರೊಡನೆ ಬೇರೆ ಮದುವೆಯ ಮಾತು ಮುಗಿಸಲು ಬಂದರು. ಅಂದು ಪಕ್ಕದ ಮನೆಯವರ ನೂಲು ಓಣಿಯಲ್ಲಿತ್ತು, ಅಕ್ಕ ಎಳೆ ಕೂಡಿಸುತ್ತಿದ್ದಳು. ಭಾವ ನೂಲಿನ ಪಕ್ಕದಲ್ಲೇ ನಿಂತರು.

“ಸುಮ್ಮನ ಯಾಕ ನಿಂತೀರಿ? ಆ ತುದಿ ಹಿಡೀರಿ,” ಎಂದಳು ಅಕ್ಕ.

ಭಾವ ಚಪ್ಪಲಿ ಕಳಚಿ ತುದಿ ಹಿಡಿದರು. ಹಿಡಿದವರೇ ಎಲ್ಲರೆದುರು ಗಳಗಳ ಅತ್ತುಬಿಟ್ಟರು. ಹಿರಿಯರು ತಂದ ಮಾತನ್ನು ಬಾಯಿಬಿಟ್ಟು ಆಡಲೇ ಇಲ್ಲ. ಸತ್ತದ್ದು ಭಾವನ ಕೂಸೂ ಹೌದು ಎಂಬುದು ಅಲ್ಲಿಯವರೆಗೆ ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ.