ಸುಮಕ್ಕ ಒತ್ತಿದ್ದು ಒಂದೇ ಸಲ

ಸುಮಕ್ಕ ಗೇಟಿನ ರಿಮೋಟನ್ನು ಎರಡು ಸಲ ಒತ್ತಲಿಲ್ಲ. ಒತ್ತಿದರು ಎಂದು ಹೇಳಿದವನು ನಾನು. ಅವರ ಅತ್ತೆ ಗೌರಮ್ಮನವರ ಸೊಂಟ ಮುರಿದದ್ದು ನಾನು ಗೇಟಿನ ಮೋಟರಿನೊಳಗೆ ಸಿಕ್ಕಿಸಿಟ್ಟಿದ್ದ ಗೇಣುದ್ದದ ವೈರಿನಿಂದ — ಸೊಸೆಯ ಕೈಯಿಂದಲ್ಲ. ಇದು ನನಗೆ ಅವತ್ತೇ ಗೊತ್ತಿತ್ತು. ಗೊತ್ತಿದ್ದೂ ಆರು ವರ್ಷ ಬಾಯಿ ಹೊಲಿದುಕೊಂಡು, ಅದೇ ಮನೆಯ ಪಡಸಾಲೆಯಲ್ಲಿ ಕೂತು ಅದೇ ಸುಮಕ್ಕ ತಂದುಕೊಟ್ಟ ಕಾಫಿ ಕುಡಿದುಕೊಂಡು ಬಂದೆ.

ನನ್ನ ಹೆಸರು ಹಾಲೇಶ. ಶಿಕಾರಿಪುರದ ಬಸ್ ಸ್ಟ್ಯಾಂಡಿನ ಹಿಂದೆ ನನ್ನದೊಂದು ಮೋಟರ್ ವೈಂಡಿಂಗ್ ಅಂಗಡಿ. ಮೊದಲು ಬೋರಿನ ಮೋಟರುಗಳನ್ನು ರಿಪೇರಿ ಮಾಡುತ್ತಿದ್ದೆ, ಆಮೇಲೆ ಅಂಗಡಿಗಳ ಶಟರ್ ಕೆಲಸ ಹಿಡಿದೆ. ಈಚೆಗೆ ಹೊಸ ಮನೆ ಕಟ್ಟಿದವರಿಗೆಲ್ಲ ರಿಮೋಟ್ ಒತ್ತಿದರೆ ತಾನಾಗಿ ಸರಿಯುವ ಗೇಟು ಬೇಕು. ಅದನ್ನು ಕೂರಿಸುವುದು, ಕೆಟ್ಟರೆ ಸರಿ ಮಾಡುವುದು — ಇಲ್ಲಿಂದ ಸೊರಬದವರೆಗೆ ಆ ವಿದ್ಯೆ ಬಲ್ಲವನು ನಾನೊಬ್ಬನೇ ಎಂಬ ಹಮ್ಮು ನನಗಿತ್ತು. ಹಮ್ಮು ಅಂದೆನಲ್ಲ, ನನ್ನ ಸುಳ್ಳು ನಡೆದದ್ದೇ ಅದರ ಮೇಲೆ. ಗೇಟಿನ ವಿಚಾರದಲ್ಲಿ ಹಾಲೇಶ ಹೇಳಿದ್ದನ್ನು ಅಲ್ಲ ಎನ್ನಲು ಊರಲ್ಲಿ ಇನ್ನೊಬ್ಬನಿರಲಿಲ್ಲ.

ಆ ಮನೆ ಸೊರಬದ ರಸ್ತೆಯಲ್ಲಿ, ಊರು ಮುಗಿದು ಗದ್ದೆ ಶುರುವಾಗುವ ಕಡೆ ಇದೆ. ಯಜಮಾನರು ಶಿವಾನಂದಪ್ಪ, ಮೆಕ್ಕೆಜೋಳದ ವ್ಯಾಪಾರಿ. ಅವರ ತಾಯಿ ಗೌರಮ್ಮ. ಹೆಂಡತಿ ಸುಮಾ, ಸೊರಬದ ಕಡೆಯ ಹೆಣ್ಣುಮಗಳು. ವಯಸ್ಸಿನಲ್ಲಿ ನನಗಿಂತ ಹತ್ತು ವರ್ಷ ಚಿಕ್ಕವರಾದರೂ ಗಿರಾಕಿ ಮನೆಯ ಹೆಂಗಸರನ್ನು ಅಕ್ಕ ಎನ್ನುವುದು ನಮ್ಮ ರೂಢಿ. ಗೇಟು ಕೂರಿಸಿದ ದಿನ ಎಲ್ಲರನ್ನೂ ಹೊರಗೆ ಕರೆದು ತೋರಿಸಿದೆ. ಎರಡೂ ಕಂಬಗಳಲ್ಲಿ ಮೊಣಕಾಲೆತ್ತರಕ್ಕೆ ಒಂದೊಂದು ಸೆನ್ಸರ್ ಇರುತ್ತದೆ, ನಾವು ಅದನ್ನು ಕಣ್ಣು ಅನ್ನುತ್ತೇವೆ. ಒಂದು ಕಣ್ಣು ಇನ್ನೊಂದನ್ನು ನೋಡುತ್ತಿರಬೇಕು. ನಡುವೆ ಏನಾದರೂ ಬಂದರೆ ಗೇಟು ಮುಚ್ಚುವುದಿಲ್ಲ. ನಾನೇ ಹಳಿಯ ಮೇಲೆ ಕುಕ್ಕರುಗಾಲಲ್ಲಿ ಕೂತು, "ಈಗ ಒತ್ರಿ ಅಕ್ಕಾರೇ" ಎಂದೆ. ಸುಮಕ್ಕ ಹೆದರಿ ಹೆದರಿ ಒತ್ತಿದರು. ಗೇಟು ಅಲುಗಲಿಲ್ಲ.

"ನೋಡಿದ್ರಾ? ಯಾರೇ ಅಡ್ಡ ಇರ್ಲಿ, ನಿಲ್ತತೆ. ಕಣ್ಣು ಮುಚ್ಕಂಡು ಒತ್ರಿ," ಎಂದೆ. ಹೌದು, ಹಾಗೆಯೇ ಹೇಳಿದೆ.

ಅವರು ನಂಬಿದರು. ನಂಬಿ ರೂಢಿ ಮಾಡಿಕೊಂಡರು. ಬೆಳಿಗ್ಗೆ ಶಿವಾನಂದಪ್ಪನವರ ಕಾರು ಹೋದ ಮೇಲೆ ಗೌರಮ್ಮ ಗೇಟಿನ ಬಾಯಿಗೆ ಸಗಣಿ ನೀರು ಎರಚಿ, ರಂಗೋಲಿ ಹಾಕಲು ಕೂರುತ್ತಿದ್ದರು. ಸುಮಕ್ಕ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಲೇ ರಿಮೋಟ್ ಒತ್ತುವರು. ಅತ್ತೆ ಇನ್ನೂ ಅಲ್ಲಿದ್ದರೆ ಗೇಟು ಸುಮ್ಮನಿರುತ್ತಿತ್ತು. ಸ್ವಲ್ಪ ಹೊತ್ತಿಗೆ ಮತ್ತೆ ಒತ್ತುವರು, ಅತ್ತೆ ಎದ್ದಿದ್ದರೆ ಮುಚ್ಚಿಕೊಳ್ಳುವುದು. "ಮನ್ಯಾಗೆ ನನ್ನ ಮಾತು ಕೇಳೋದು ಇದೊಂದೇ ನೋಡಪ್ಪ" ಎಂದು ಗೌರಮ್ಮ ಗೇಟನ್ನು ತೋರಿಸಿ ಮಗನನ್ನು ಚುಚ್ಚುತ್ತಿದ್ದರು.

ತೊಂದರೆ ಶುರುವಾದದ್ದು ಮಾಗಿಯ ಚಳಿಯಲ್ಲಿ. ಗದ್ದೆಯ ಕಡೆಯಿಂದ ಮಂಜು ಎದ್ದು ಬಂದು ಸೆನ್ಸರಿನ ಗಾಜಿನ ಮೇಲೆ ಹನಿಗಟ್ಟುತ್ತಿತ್ತು. ಅದರ ಮೇಲೆ ಗೌರಮ್ಮನವರ ಸಗಣಿ ನೀರು ಸಿಡಿಯುತ್ತಿತ್ತು. ಬಿಸಿಲು ಬಂದರೆ ಒಣಗಿ ಹಕ್ಕಳೆಗಟ್ಟುತ್ತಿತ್ತು. ಕಣ್ಣು ಕಣ್ಣನ್ನು ಕಾಣದೆ, ಯಾರೂ ಅಡ್ಡ ಇಲ್ಲದಿದ್ದರೂ ಗೇಟು ಮುಚ್ಚುತ್ತಿರಲಿಲ್ಲ. ಬೀದಿಯ ದನ ಒಳನುಗ್ಗಿ ದಾಸವಾಳ ಮೇಯುತ್ತಿದ್ದವು. ಇನ್ನು ಹಳಿಗೆ ಹಚ್ಚಿದ ಗ್ರೀಸು ಚಳಿಗೆ ಬಿಗಿದು ಗೇಟು ಅರ್ಧಕ್ಕೇ ನಿಂತುಬಿಡುವುದು. ಬೆಳಗಾದರೆ ನನಗೆ ಫೋನು. ಹೋಗಿ ಗಾಜು ಒರೆಸಿ ಬರುವುದು, ನಾಲ್ಕು ದಿನಕ್ಕೆ ಮತ್ತೆ ಫೋನು.

ಒಮ್ಮೆ ಗೌರಮ್ಮನವರಿಗೇ ಹೇಳಿದೆ. "ಅಮ್ಮಾರೇ, ಸಿಮೆಂಟ್ ನೆಲಕ್ಕೆ ಸಗಣಿ ನೀರು ಯಾಕ್ರಿ? ಬರೀ ನೀರು ಹಾಕ್ರಿ."

"ನೆಲ ಸಿಮೆಂಟಾದ್ರೆ ಬಾಗ್ಲು ಬಾಗ್ಲಲ್ಲೇನೋ? ನಿನ್ನ ಕಣ್ಣು ಸರಿ ಮಾಡ್ಕ ಹೋಗು," ಎಂದರು.

ಅವರು ಹೇಳಿದ್ದು ಸರಿಯೇ. ಸರಿ ಮಾಡಬೇಕಾದದ್ದು ನನ್ನ ಕಣ್ಣನ್ನು. ಒಂದು ತುಂಡು ಪ್ಲಾಸ್ಟಿಕ್ ಪೈಪನ್ನು ಓರೆಯಾಗಿ ಕತ್ತರಿಸಿ ಗಾಜಿನ ಮೇಲೆ ಮುಂಡಾಸಿನಂತೆ ಕೂರಿಸಿದ್ದರೆ ಮಂಜೂ ತಾಗುತ್ತಿರಲಿಲ್ಲ, ಸಗಣಿಯೂ ಸಿಡಿಯುತ್ತಿರಲಿಲ್ಲ. ಹಳೆಯ ಗ್ರೀಸು ಒರೆಸಿ ತೆಳು ಎಣ್ಣೆ ಬಿಟ್ಟಿದ್ದರೆ ಗೇಟು ಸರಿಯುತ್ತಿತ್ತು. ಒಟ್ಟು ಅರ್ಧ ಗಂಟೆಯ ಕೆಲಸ. ಅದು ನನಗೆ ಗೊತ್ತಿರಲಿಲ್ಲ ಎಂದಲ್ಲ... ಅಂಬ್ಲಿಗೊಳದ ಕಡೆ ಬೋರಿನ ಮೋಟರುಗಳು ಕಾಯುತ್ತಿದ್ದವು, ಕೈ ಚಳಿಗೆ ಮರಗಟ್ಟಿತ್ತು, ಮುದುಕಿಯ ಮಾತಿಗೆ ಸಿಟ್ಟೂ ಬಂದಿತ್ತು. ಮೋಟರಿನ ಪೆಟ್ಟಿಗೆ ಬಿಚ್ಚಿದೆ. ಕಣ್ಣಿನ ಎರಡು ಕೊನೆಗಳನ್ನು ಒಂದು ತುಂಡು ವೈರಿನಿಂದ ಸೇರಿಸಿದೆ. ಹಾಗೆ ಮಾಡಿದರೆ ಮೋಟರಿನ ಪಾಲಿಗೆ ದಾರಿ ಯಾವಾಗಲೂ ಖಾಲಿ — ಆನೆ ನಿಂತಿದ್ದರೂ ಖಾಲಿ. ಗ್ರೀಸಿನ ಬಿಗಿಗೆ ಮೋಟರು ಸೋಲದಿರಲಿ ಎಂದು ತಳ್ಳುವ ಬಲದ ತಿರುಪನ್ನೂ ಕೊನೆಯವರೆಗೆ ತಿರುಗಿಸಿದೆ. ಮನೆಯವರಿಗೆ ಇದಾವುದನ್ನೂ ಹೇಳಲಿಲ್ಲ. "ಸರಿ ಆತ್ರಿ, ಇನ್ನು ತೊಂದ್ರೆ ಕೊಡಲ್ಲ," ಎಂದಷ್ಟೇ ಹೇಳಿ ಬೈಕು ಹತ್ತಿದೆ. ಚಳಿ ಕಳೆದ ಮೇಲೆ ಬಂದು ತೆಗೆದರಾಯಿತು ಎಂದುಕೊಂಡಿದ್ದೆ.

ಎಂಟು ದಿನವೂ ಆಗಿರಲಿಲ್ಲ.

ಅವತ್ತು ಎಂದಿನಂತೆ ಗೌರಮ್ಮ ಕಂಬದ ಪಕ್ಕ ಕೂತು ರಂಗೋಲಿಯ ಕೊನೆಯ ಎಳೆ ಎಳೆಯುತ್ತಿದ್ದರಂತೆ. ಎಂದಿನಂತೆ ಸುಮಕ್ಕ ಒಳಗಿನಿಂದ ರಿಮೋಟ್ ಒತ್ತಿದ್ದಾರೆ. ಎಂದಿನಂತೆ ನಿಲ್ಲಬೇಕಾದದ್ದು ನಿಲ್ಲಲಿಲ್ಲ. ಗೇಟು ಬಂದು ಮುದುಕಿಯನ್ನು ಕಂಬಕ್ಕೆ ಒತ್ತಿ ಹಿಡಿದಿದೆ. ಬಲದ ತಿರುಪು ಕೊನೆಯಲ್ಲಿತ್ತಲ್ಲ — ಹಿಂದೆಯೂ ಸರಿಯಲಿಲ್ಲ. ಸುಮಕ್ಕ ಓಡಿ ಬಂದು ಬರಿಗೈಯಲ್ಲಿ ಗೇಟನ್ನು ಎಳೆಯುತ್ತಿದ್ದರಂತೆ. ಎದುರು ಹೊಲದವರು ಬಂದು ಕರೆಂಟು ತೆಗೆದು ಬಿಡಿಸಿದರು. ಶಿವಾನಂದಪ್ಪ ತಾಯಿಯನ್ನು ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಿ, ನೆಂಟರೊಬ್ಬರನ್ನು ಅಲ್ಲಿ ಬಿಟ್ಟು ಬಂದರು.

ಮಧ್ಯಾಹ್ನ ನನಗೆ ಕರೆ ಬಂತು. ಅಲ್ಲಿ ಹೋಗುವಷ್ಟರಲ್ಲಿ ಗೇಟಿನ ಎದುರಿನ ಪಡಸಾಲೆಯ ತುಂಬ ನೆಂಟರು, ಅಕ್ಕಪಕ್ಕದವರು. ಬಳ್ಳಿಗಾವಿಯಿಂದ ಶಿವಾನಂದಪ್ಪನವರ ಅಕ್ಕ ನೀಲಮ್ಮ ಬಂದಿದ್ದರು. ತಮ್ಮನ ಹೆಂಡತಿಯನ್ನು ನೋಡುವ ನೋಟದಲ್ಲೇ ಅವರ ತೀರ್ಪು ಮುಗಿದಿತ್ತು. ನಾನು ಗೇಟಿನ ಹತ್ತಿರ ಎಲ್ಲರಿಗೂ ಬೆನ್ನು ಮಾಡಿ ಕೂತು ಪೆಟ್ಟಿಗೆ ಬಿಚ್ಚಿದೆ. ವೈರು ಇಟ್ಟಲ್ಲೇ ಇತ್ತು. ಎಳೆದು ಅಂಗಿ ಜೇಬಿಗೆ ಹಾಕಿಕೊಂಡೆ. ತಿರುಪನ್ನು ಹಿಂದಕ್ಕೆ ತಿರುಗಿಸಿದೆ. ಗಾಜು ಒರೆಸಿದೆ. ಆಮೇಲೆ ನನ್ನ ಚೀಲವನ್ನು ಹಳಿಗೆ ಅಡ್ಡ ಇಟ್ಟು ರಿಮೋಟ್ ಒತ್ತಿದೆ. ಗೇಟು ಅಲುಗಲಿಲ್ಲ.

"ನೋಡ್ರಿ, ನಿಲ್ತತೆ," ಎನ್ನುತ್ತ ಪಡಸಾಲೆಗೆ ಬಂದೆ.

ಅದುವರೆಗೆ ಗೋಡೆ ಹಿಡಿದು ನಿಂತಿದ್ದ ಸುಮಕ್ಕ ಮುಂದೆ ಬಂದರು. "ಹಂಗಾರೆ ಬೆಳಿಗ್ಗೆ ಯಾಕೆ ನಿಲ್ಲಲಿಲ್ಲ ಹಾಲೇಶಣ್ಣ? ನೀವೇ ಹೇಳಿದ್ರಲ್ಲ, ಯಾರೇ ಅಡ್ಡ ಇದ್ರೂ..."

ಎಲ್ಲರೂ ನನ್ನನ್ನು ನೋಡಿದರು. ಆಗ ಹೇಳಬಹುದಿತ್ತು. ವೈರು ಜೇಬಿನಲ್ಲೇ ಇತ್ತು.

"ಒಂದು ಸಲ ಒತ್ತಿದ್ರೆ ನಿಲ್ತತೆ ಅಕ್ಕಾರೇ," ಎಂದೆ. "ಗಡಿಬಿಡ್ಯಾಗೆ ಒಂದರ ಹಿಂದೊಂದು ಎರಡು ಸಲ ಒತ್ತೀರಿ ಅನ್ಸುತ್ತೆ. ಹಂಗೆ ಒತ್ತಿದ್ರೆ ಅದು ಕಣ್ಣಿನ ಮಾತು ಕೇಳಲ್ಲ."

ಅಂಥದ್ದೊಂದು ವ್ಯವಸ್ಥೆ ಆ ಗೇಟಿನಲ್ಲಿ ಇಲ್ಲವೇ ಇಲ್ಲ. ನಿಂತ ಕಾಲಲ್ಲಿ ನಾನು ಹುಟ್ಟಿಸಿದ್ದು. ಆದರೆ ಹೇಳಿದವನು ಮೆಕ್ಯಾನಿಕ್ಕು. ನೀಲಮ್ಮ "ಇಷ್ಟೇ ಮತ್ತೆ" ಎಂದು ಸೆರಗು ಕೊಡವಿ ಎದ್ದರು. ಸುಮಕ್ಕ ತಮ್ಮ ಹೆಬ್ಬೆರಳನ್ನು ನೋಡಿಕೊಂಡರು. "ಇಲ್ಲ... ಒಂದೇ ಸಲ..." ಎಂದರು. ಶಿವಾನಂದಪ್ಪ ನನ್ನನ್ನು ಗೇಟಿನವರೆಗೆ ಕಳಿಸಿ, ಕರೆದ ಕೂಡಲೆ ಬಂದಿರಿ ಎಂದು ಕೈ ಮುಗಿದರು. ಮರುದಿನ ಹೋಗಿ ಪೈಪಿನ ಮುಂಡಾಸು ಕೂರಿಸಿ ಬಂದೆ. ಅರ್ಧ ಗಂಟೆಯೂ ಹಿಡಿಯಲಿಲ್ಲ.

ಗೌರಮ್ಮ ಬದುಕಿಕೊಂಡರು, ಆದರೆ ವಾಕರ್ ಬಿಟ್ಟು ನಡೆಯಲಾಗಲಿಲ್ಲ. ಅವರು ಕೆಟ್ಟವರಲ್ಲ. ಸೊಸೆಯನ್ನು ಒಂದು ದಿನವೂ ಬೈಯಲಿಲ್ಲ. ಅದರ ಬದಲು ಕ್ಷಮಿಸಿದರು. ಬಂದವರ ಮುಂದೆಲ್ಲ ಕ್ಷಮಿಸಿದರು. "ಪಾಪ, ಕೈ ತಪ್ಪಿ ಎರಡು ಸಲ ಒತ್ತೈತೆ. ಹುಡುಗಿ ಬೇಕಂತ ಮಾಡೀತಾ? ನಾನೇನು ಮನಸಿಗೆ ಹಚ್ಕಂಡಿಲ್ಲ," ಎನ್ನುತ್ತಿದ್ದರು. ಕೇಳಿದವರು ಎಂಥ ದೊಡ್ಡ ಮನಸ್ಸು ಎನ್ನುತ್ತಿದ್ದರು. ವರ್ಷಕ್ಕೊಮ್ಮೆ ಗೇಟಿನ ಸರ್ವೀಸಿಗೆ ಹೋದಾಗ ನಾನೂ ಕೇಳಿದ್ದೇನೆ. ಪಕ್ಕದಲ್ಲಿ ಸುಮಕ್ಕ ಕಾಫಿಯ ತಟ್ಟೆ ಹಿಡಿದು ತಲೆ ತಗ್ಗಿಸಿ ನಿಂತಿರುತ್ತಿದ್ದರು.

ಅವರು ರಿಮೋಟ್ ಮುಟ್ಟುವುದನ್ನು ಬಿಟ್ಟಿದ್ದರು. ಒಂದು ದಿನ ಆ ದಾರಿಯಲ್ಲಿ ಬರುವಾಗ ನೋಡಿದೆ, ಮುಚ್ಚಿದ ಗೇಟಿನ ಹೊರಗೆ ಬಿಸಿಲಲ್ಲಿ ತರಕಾರಿ ಚೀಲ ಹಿಡಿದು ನಿಂತಿದ್ದರು. "ಯಾಕ್ರಿ ಅಕ್ಕಾರೇ, ರಿಮೋಟ್ ಇಲ್ಲೇನು?" ಎಂದೆ. "ಐತೆ. ಯಾರಾದ್ರೂ ಬಂದು ತೆಗೀತಾರೆ ಬಿಡ್ರಿ," ಎಂದರು. ನಾನು ಬೈಕಿನಿಂದ ಇಳಿದು ಅವರ ರಿಮೋಟ್ ಒತ್ತಿ ತೆಗೆದುಕೊಟ್ಟೆ. ಉಪಕಾರ ಮಾಡಿದವನ ಹಾಗೆ.

ಇಷ್ಟಾದರೂ ನಾನು ಬಾಯಿ ಬಿಡಲಿಲ್ಲ ಎಂದರೆ ನೀವು ನಂಬಬೇಕು. ಅಂಗಡಿಗೆ ಕೆಟ್ಟ ಹೆಸರು ಬಂದೀತು, ಕೇಸು ಹಾಕಿಯಾರು... ಬರಬರುತ್ತ ಆ ಹೆದರಿಕೆಯೂ ಹೋಗಿತ್ತು. ಅಭ್ಯಾಸವೊಂದೇ ಉಳಿದಿತ್ತು.

ಈ ಮಾಗಿಯಲ್ಲಿ ಸರ್ವೀಸಿಗೆ ಹೋದಾಗ ಸುಮಕ್ಕ ಹೊಸದಾಗಿ ಬಂದ ನೆಂಟರೊಬ್ಬರಿಗೆ ಆ ದಿನದ ಕತೆ ಹೇಳುತ್ತಿದ್ದರು. ಅಕ್ಕಿ ತೊಳೆಯುತ್ತಿದ್ದೆ, ಕೈ ಒದ್ದೆಯಿತ್ತು, ಮೊದಲ ಸಲ ಒತ್ತಿದಾಗ ಹೆಬ್ಬೆರಳು ಜಾರಿತು, ಅದಕ್ಕೇ ಇನ್ನೊಂದು ಸಲ ಗಟ್ಟಿಯಾಗಿ ಒತ್ತಿದೆ ಎಂದರು. "ನಂಗೆ ಚೆನ್ನಾಗಿ ನೆನಪೈತೆ," ಎಂದರು. ನಾನು ಹೇಳಿದ್ದು ಎರಡು ಸಲ ಎಂಬ ಒಂದೇ ಮಾತು. ಅಕ್ಕಿ, ಒದ್ದೆ ಕೈ, ಜಾರಿದ ಬೆರಳು — ಇದನ್ನೆಲ್ಲ ಆರು ವರ್ಷ ಕೂತು ಅವರೇ ಹುಡುಕಿಕೊಂಡಿದ್ದರು.

ಮನೆಗೆ ಬಂದವನೇ ಹೆಂಡತಿ ರೇಣುಕಾಳಿಗೆ ಎಲ್ಲವನ್ನೂ ಹೇಳಿದೆ. "ಅವತ್ತೇ ಹೇಳಿದ್ರೆ ಬೈತಿದ್ರು. ಇವತ್ತು ಹೇಳಿದ್ರೆ ಮಕಕ್ಕೆ ಉಗೀತಾರೆ. ಹೋಗಿ ಉಗಿಸ್ಕಂಡು ಬರ್ರಿ," ಎಂದಳು.

ಮುಂದಿನ ಭಾನುವಾರ ಹೋದೆ. ಸುಮಕ್ಕನಿಗೆ ಒಬ್ಬರಿಗೇ ಗುಟ್ಟಾಗಿ ಹೇಳಿ ಬರುವ ಆಸೆಯಿತ್ತು. ಆದರೆ ಸುಳ್ಳನ್ನು ಹೇಳಿದ್ದು ಎಲ್ಲರ ಮುಂದೆ. ಪಡಸಾಲೆಯಲ್ಲಿ ಮೂವರನ್ನೂ ಕರೆದು, ನಿಂತುಕೊಂಡೇ ಹೇಳಿದೆ. ವೈರು, ತಿರುಪು, ಜೇಬು — ಯಾವುದನ್ನೂ ಬಿಡಲಿಲ್ಲ. ಶಿವಾನಂದಪ್ಪ ಎದ್ದು ನನ್ನ ಕೊರಳಪಟ್ಟಿಗೆ ಕೈ ಹಾಕಿದರು, ಮತ್ತೆ ಬಿಟ್ಟರು. "ನಡಿ ಇಲ್ಲಿಂದ" ಎಂದರು. ಗೌರಮ್ಮ ನನ್ನ ಕಡೆ ನೋಡಲೇ ಇಲ್ಲ. "ಬಾರವ್ವ ಸುಮಾ, ಇಲ್ಲಿ ಬಾ," ಎಂದು ಸೊಸೆಯನ್ನು ಕರೆದರು. ಸುಮಕ್ಕ ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದರು, ಬರಲಿಲ್ಲ.

ಆರು ವರ್ಷದ ಹಿಂದೆ ಆ ಪಡಸಾಲೆಯಲ್ಲಿ ನನ್ನ ಸುಳ್ಳು ಕೇಳಿಸಿಕೊಂಡ ಪ್ರತಿಯೊಬ್ಬರ ಮನೆಗೂ ಈಗ ಹೋಗುತ್ತಿದ್ದೇನೆ. ಎದುರು ಹೊಲದವರಿಗೆ ಹೇಳಿಯಾಯಿತು. ಬಳ್ಳಿಗಾವಿಗೆ ಹೋಗಿ ನೀಲಮ್ಮನವರ ಎದುರು ನಿಂತೆ, ಅವರು ಬಾಗಿಲು ಹಾಕಿಕೊಂಡರು. ಇನ್ನೂ ನಾಲ್ಕು ಮನೆ ಉಳಿದಿವೆ. ಎಲ್ಲ ಮುಗಿದರೂ ನನ್ನ ಲೆಕ್ಕ ಚುಕ್ತಾ ಆಗುವುದಿಲ್ಲ ಎಂಬುದು ಗೊತ್ತಿದೆ. ಯಾಕೆಂದರೆ ಆ ಭಾನುವಾರ ನಾನು ಗೇಟು ದಾಟುವಾಗ ಸುಮಕ್ಕ ಹಿಂದೆಯೇ ಬಂದರು. ಬೈಯುತ್ತಾರೆ ಎಂದುಕೊಂಡೆ, ಬೈಯಲಿ ಎಂದೂ ಇತ್ತು. ಅವರು ಬೈಯಲಿಲ್ಲ. ತುಂಬ ಮೆಲ್ಲಗೆ ಕೇಳಿದರು.

"ನನ್ನ ಕೈ ಒದ್ದೆ ಇತ್ತು ಹಾಲೇಶಣ್ಣ. ಬೆರಳು ಜಾರಿತ್ತು. ನಾನು ಎರಡನೇ ಸಲ ಒತ್ತಿದೆ — ನಂಗೆ ನೆನಪೈತೆ. ಹಂಗಾರೆ ನಂಗೆ ನೆನಪಿರೋದು ಎಂತದು?"

ಒಂದೇ ಸಲ ಅಕ್ಕಾರೇ, ನೀವು ಒತ್ತಿದ್ದು ಒಂದೇ ಸಲ, ಎಂದೆ. ಅವರು ತಲೆಯಾಡಿಸಿದರು. ನಂಬಿ ಆಡಿಸಿದರೋ, ನನ್ನನ್ನು ಸಮಾಧಾನ ಮಾಡಲು ಆಡಿಸಿದರೋ ತಿಳಿಯಲಿಲ್ಲ.