ಪ್ಯಾರಣ್ಣ ಕಾದ ಮಾತು

ಪ್ಯಾರಣ್ಣನ ಬಾಯಲ್ಲಿ ಯಾವಾಗಲೂ ಐದಾರು ಮೊಳೆ ಇರುತ್ತಿದ್ದವು. ಎತ್ತುಗಳಿಗೆ ಲಾಳ ಕಟ್ಟುವುದು ಅವನ ಕಸುಬು. ಕೆಡವಿದ ಎತ್ತಿನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು, ತುಟಿಯ ನಡುವಿಂದ ಒಂದೊಂದೇ ಮೊಳೆ ತೆಗೆದು ಹೊಡೆಯುತ್ತಿದ್ದ. ಬಾಯಿ ಖಾಲಿಯಾಗುವ ತನಕ ಅಮಲ್ದಾರರೇ ಬಂದು ನಿಂತರೂ ಉತ್ತರವಿಲ್ಲ. ಆಮೇಲೆ ಬರುತ್ತಿದ್ದುದು ಹೆಚ್ಚಾಗಿ ಬೈಗುಳ.

ಮದ್ದೂರು ಸಂತೆಮಾಳದ ಹುಣಸೇಮರದ ಕೆಳಗೆ ಅವನ ಜಾಗ. ಅವನಪ್ಪನೂ ಅಲ್ಲೇ ಕೂತು ಲಾಳ ಕಟ್ಟಿದವನು. ನಾನು ಹನಕೆರೆಯವನು, ಮಂಡ್ಯಕ್ಕೆ ಕಬ್ಬಿನ ಗಾಡಿ ಹೊಡೆಯುತ್ತಿದ್ದೆ. ಜಲ್ಲಿ ರಸ್ತೆಯಲ್ಲಿ ಲಾಳ ಸವೆದರೆ ಅವನ ಹತ್ತಿರವೇ ಹೋಗಬೇಕು. ಒಮ್ಮೆ ಜಾಣತನ ಮಾಡಿ ದಾರಿಯಲ್ಲಿ ಇನ್ಯಾರ ಕೈಲೋ ಕಟ್ಟಿಸಿದೆ. ಎತ್ತು ಕುಂಟತೊಡಗಿತು. ಪ್ಯಾರಣ್ಣ ಗೊರಸಿನ ಮೇಲೆ ಅಂಗೈ ಇಟ್ಟು ಕಾವು ನೋಡಿದ. ಆಳಕ್ಕೆ ಇಳಿದಿದ್ದ ಮೊಳೆ ಕಿತ್ತು ನನ್ನ ಮುಂದೆ ಹಿಡಿದ.

“ಎತ್ತಿಗೆ ಬಾಯಿಲ್ಲ, ಸರಿ. ನಿಂಗೆ ಕಣ್ಣೂ ಇಲ್ವೇನ್ಲಾ ಸಿದ್ದ?”

ಸವೆಯದ ಲಾಳ ಬದಲಿಸಲು ಹೋದವರನ್ನಂತೂ ಎತ್ತು ಮುಟ್ಟದೆ ವಾಪಸು ಅಟ್ಟುತ್ತಿದ್ದ. ಗೊರಸಿಗೆ ಸುಮ್ಮನೆ ತೂತು ಹೊಡೆಯುವುದು ಪಾಪ ಎನ್ನುತ್ತಿದ್ದ.

ಸ್ವಾತಂತ್ರ್ಯ ಬಂದ ವರ್ಷ, ಬೆಂಗಳೂರಿನಲ್ಲಿದ್ದ ಅವನ ಭಾವಮೈದ ಸಂಸಾರ ಸಮೇತ ಕರಾಚಿಗೆ ಹೊರಟ. ನೀವೂ ಬಂದುಬಿಡಿ, ಶುಕ್ರವಾರ ಬೆಂಗಳೂರು ಸೇರಿ, ಮುಂಬಯಿಯಿಂದ ಹಡಗು ಎಂದು ಕಾಗದ ಬರೆದ. ಪ್ಯಾರಣ್ಣನ ಹೆಂಡತಿ ಸಕೀನಮ್ಮನಿಗೆ ಹೆತ್ತ ತಾಯಿಯೂ ತಮ್ಮನೂ ಹೋದಮೇಲೆ ತನಗಿಲ್ಲಿ ಯಾರು ಎಂಬ ಚಿಂತೆ. ಉತ್ತರದ ಕಡೆಯ ಕೊಲೆ ಸುದ್ದಿ ಕೇಳಿ ಊಟ ಬಿಟ್ಟಿದ್ದಳು. ಪ್ಯಾರಣ್ಣನಿಗೆ ಮನಸ್ಸಿಲ್ಲ. ಅಪ್ಪನ ಗೋರಿ ಇಲ್ಲಿದೆ, ಅಲ್ಲಿಯ ಎತ್ತುಗಳ ಗುಣ ತನಗೇನು ಗೊತ್ತು ಎನ್ನುತ್ತಿದ್ದ. ಸಂತೆಗೆ ಮೂರು ದಿನ ಮುಂಚೆ ನನಗೊಬ್ಬನಿಗೇ ಹೇಳಿದ.

“ಇನ್ನೂ ಊಂ ಅಂದಿಲ್ಲ ಕಣ್ಲಾ. ಊರ್ನೋರು ಏನಂತಾರೋ ನೋಡವ.”

ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದುಂಟೆ? ಊರಿಗೆಲ್ಲ ಹೇಳಿದೆ. ಸಂತೆಯ ದಿನ ಹುಣಸೇಮರದಿಂದ ರಸ್ತೆಯವರೆಗೂ ಎತ್ತುಗಳು. ಹನಕೆರೆಯವರು, ಯಲಿಯೂರಿನವರು, ಇವನು ಹೋದರೆ ಕಬ್ಬಿನ ಕಾಲಕ್ಕೆ ಯಾರು ಗತಿ ಎಂದು ಇದ್ದಬದ್ದ ಎತ್ತುಗಳನ್ನೆಲ್ಲ ಹೊಡೆದುಕೊಂಡು ಬಂದಿದ್ದರು. ನನ್ನ ಜೋಡಿಗೆ ಲಾಳ ಕಟ್ಟಿ ಹದಿನೈದು ದಿನವೂ ಆಗಿರಲಿಲ್ಲ. ಅವನು ಗೊರಸು ಎತ್ತಿ ನೋಡಿದ. ಹಿಂದಿನ ಸಾಲನ್ನು ನೋಡಿದ. ಇನ್ನು ಬೈಯುತ್ತಾನೆ ಎಂದು ಕಾದೆ.

“ನೀನೂವಾ?” ಎಂದನಷ್ಟೆ. ಮೊಳೆಗಳನ್ನು ಬಾಯಿಗೆ ಹಾಕಿಕೊಂಡು ಕೂತ.

ಅವತ್ತೂ ಮರುದಿನವೂ ಬಂದ ಎತ್ತಿಗೆಲ್ಲ ಲಾಳ ಕಟ್ಟಿದ, ಒಂದನ್ನೂ ಅಟ್ಟಲಿಲ್ಲ. ನಾವು ಅವನ ಕೈಗುಣ ಹೊಗಳಿದೆವು, ಯಾವ ರೈಲು ಎಂದು ವಿಚಾರಿಸಿದೆವು. ಅವನು ಬೈಯದಿದ್ದುದಕ್ಕೆ ಕೆಲಸದ ಗಡಿಬಿಡಿಯೇ ಕಾರಣ ಅಂದುಕೊಂಡೆ. ನನ್ನಂಥ ದಡ್ಡ ಇನ್ನೊಬ್ಬನಿಲ್ಲ.

ಶುಕ್ರವಾರ ಬೆಳಿಗ್ಗೆ ಮದ್ದೂರು ಸ್ಟೇಷನ್ನಿಗೆ ಹೋದೆ. ಸಕೀನಮ್ಮ ಇಬ್ಬರು ಹೆಣ್ಣುಮಕ್ಕಳೊಡನೆ ಆಗಲೇ ರೈಲು ಹತ್ತಿ ಕೂತಿದ್ದಳು. ಕೆಳಗೆ ನಿಂತಿದ್ದ ಪ್ಯಾರಣ್ಣನನ್ನು ಕಂಡದ್ದೇ ನನಗೆ ಸಂಕಟ ತಡೆಯಲಾಗಲಿಲ್ಲ. ತೋಳು ಹಿಡಿದುಕೊಂಡೆ.

“ಓಗ್ಬ್ಯಾಡ ಪ್ಯಾರಣ್ಣ. ನಾವೆಲ್ಲ ಇಲ್ವಾ?”

ಅವನು ನನ್ನ ಮುಖವನ್ನೇ ನೋಡಿದ.

“ಸಂತೆ ದಿನ ಒಬ್ಬನಾರ ಬರೀಗೈಲಿ ಬಂದು ಈ ಮಾತಂತಾನೆ ಅಂತ ಸಂಜೆಗಂಟ ಕಾದೆ ಕಣ್ಲಾ. ಎಲ್ರೂ ಎತ್ತು ಒಡ್ಕಂಡ್ ಬಂದ್ರಿ. ಮನೆಗೋಗಿ ಅವ್ಳಿಗೆ ಊಂ ಅಂದ್ಬುಟ್ಟೆ.”

ಗಾರ್ಡ್ ಸೀಟಿ ಊದಿದ. ಪ್ಯಾರಣ್ಣ ನನ್ನ ಕೈ ಬಿಡಿಸಿ ಹತ್ತಿ ಬಾಗಿಲಲ್ಲೇ ನಿಂತ. ರೈಲು ಮೊದಮೊದಲು ನಿಧಾನವಾಗಿಯೇ ಹೊರಟಿತು, ಇಳಿಯಬೇಕೆಂದರೆ ಇಳಿಯಬಹುದಿತ್ತು. ಪ್ಲಾಟ್‌ಫಾರಂ ಮುಗಿಯುವ ತನಕ ನಾನು ಆ ಬಾಗಿಲ ಜೊತೆಜೊತೆಗೇ ಓಡಿದೆ. ಅವನು ಇಳಿಯಲಿಲ್ಲ.